ಕಿಲ್ಪೆಕ್‌ನ ನಾಯಿ, ಮೊಲ

ನಿನ್ನೆ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಕಿಲ್ಪೆಕ್ ಅನ್ನೋ ಪುಟ್ಟ ಹಳ್ಳಿಗೆ ಹೋಗಿದ್ದೆ. ವೇಲ್ಸ್ ಗಡಿಗೆ ಹತ್ತಿರ. ಅಲ್ಲಿನ ಚರ್ಚ್ ಸುಮಾರು 1140ರದ್ದು, ಕೆಂಪು ಮರಳುಗಲ್ಲಿನದು. ಒಳಗೆ ಕಾಲಿಡುವ ಮೊದಲೇ ಹೊರಗೆ ಒಂದು ಗಂಟೆ ಕಳೆದುಹೋಯಿತು.

ಸೂರಿನ ಕೆಳಗೆ ಸುತ್ತಲೂ ಸಣ್ಣ ಸಣ್ಣ ಕಲ್ಲುಗಳು ಚಾಚಿಕೊಂಡಿವೆ. ಈಗ ಉಳಿದಿರುವುದು 85. ಒಂದರಲ್ಲಿ ಪಿಟೀಲಿನಂಥ ವಾದ್ಯ ನುಡಿಸುವವನು, ಇನ್ನೊಂದರಲ್ಲಿ ಯಾವುದೋ ವಿಚಿತ್ರ ಪ್ರಾಣಿ. ಶೀಲಾ ನಾ ಗಿಗ್ ಅನ್ನೋ ಬೆತ್ತಲೆ ಹೆಣ್ಣಿನ ಶಿಲ್ಪವೂ ಉಂಟು. ಚರ್ಚಿನ ಗೋಡೆಯ ಮೇಲೆ! ನನಗೆ ತುಂಬಾ ಹಿಡಿಸಿದ್ದು ನಾಯಿ ಮತ್ತು ಮೊಲ. ಒಂದೇ ಕಲ್ಲಿನಲ್ಲಿ, ಪಕ್ಕಪಕ್ಕದಲ್ಲಿ, ಹಳೇ ಸ್ನೇಹಿತರ ಹಾಗೆ. ಮೊಲದ ಕಿವಿ ಹಿಂದಕ್ಕೆ ಬಾಗಿದೆ, ನಾಯಿಯ ಕಿವಿ ಜೋತುಬಿದ್ದಿದೆ. ಇವತ್ತಿನ ಕಾರ್ಟೂನ್ ಅಂದರೂ ನಂಬಬಹುದು.

ದಕ್ಷಿಣದ ಬಾಗಿಲಿನ ಕೆತ್ತನೆ ಇನ್ನೂ ಚೂಪಾಗಿದೆ. ಕಂಬದ ಮೇಲೆ ಹಾವಿನಂಥ ಡ್ರ್ಯಾಗನ್‌ಗಳು, ಬಳ್ಳಿಯಲ್ಲಿ ಸಿಕ್ಕಿಕೊಂಡ ಸೈನಿಕರು. ಎಂಟೂವರೆ ಶತಮಾನಕ್ಕೂ ಜಾಸ್ತಿ ಮಳೆ ಕಂಡ ಊರಿನಲ್ಲಿ ಇದು ಹೀಗೆ ಉಳಿದಿದೆ, ನೋಡಿ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಬೇಲೂರು, ಹಳೇಬೀಡಿನಲ್ಲೂ ಉಳಿ ಸದ್ದು ಮಾಡುತ್ತಿತ್ತು ಅಲ್ವಾ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿಟ್ಟ. ಕಿಲ್ಪೆಕ್‌ನವನು ಯಾರೆಂದು ಗೊತ್ತಿಲ್ಲ. ಆ ಮೊಲವನ್ನು ಕೆತ್ತುವಾಗ ಅವನು ಸುಮ್ನೆ ನಕ್ಕಿರಬೇಕು ಅನ್ನಿಸಿತು.

ಫೋಟೋ ಹಾಕಿದ್ದೇನೆ. ಕತ್ತು ಎತ್ತಿ ತೆಗೆದದ್ದು, ಇನ್ನೂ ನೋಯುತ್ತಿದೆ.