ಗೊಣಗುತ್ತಲೇ ಕಲಿಸಿದವರು

ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾದದ್ದು ಇಂಗ್ಲಿಷ್ ಮೇಡಂ ಅವರ ಗೊಣಗಾಟ. ಅವರು ತರಗತಿಯೊಳಗೆ ಕಾಲಿಡುವ ಮುಂಚೆಯೇ ಅದು ಬಾಗಿಲಲ್ಲಿ ಕೇಳಿಸುತ್ತಿತ್ತು. ಸಾಲದ ಸಂಬಳ, ಮತ್ತೆ ಮತ್ತೆ ತುಂಬಿಕೊಡಬೇಕಾದ ನಮೂನೆಗಳು, ರಜೆ ಹಾಕಿದವರ ಪೀರಿಯಡ್ ತಮ್ಮ ತಲೆಗೆ ಬಂದದ್ದು. ‘ಯಾಕಾದರೂ ಈ ಕೆಲಸಕ್ಕೆ ಬಂದೆನೋ’ ಎಂದು ಮೇಜಿನ ಮೇಲೆ ಪುಸ್ತಕ ಇಡುತ್ತಿದ್ದರು. ಸೀಮೆಸುಣ್ಣ ಕೈಗೆ ಬಂದರೆ ಅದೆಲ್ಲ ಎಲ್ಲಿ ಹೋಗುತ್ತಿತ್ತೋ!

ಅವರ ನಿಜವಾದ ಪಾಠ ನಡೆಯುತ್ತಿದ್ದುದು ನಮ್ಮ ನೋಟ್‌ಬುಕ್ಕುಗಳಲ್ಲಿ. ನಾವು 60 ಮಂದಿ. ಒಂದು ಪ್ರಬಂಧಕ್ಕೆ 5 ನಿಮಿಷವೆಂದರೂ ಒಂದು ತರಗತಿಗೇ 5 ಗಂಟೆ. ಭಾಷಾ ಶಿಕ್ಷಕರ ಈ ಲೆಕ್ಕ ಯಾವ ವೇಳಾಪಟ್ಟಿಯಲ್ಲೂ ಕಾಣಿಸುವುದಿಲ್ಲ. ಮೇಡಂ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಂದು ವಾರ ಕ್ರಿಯಾಪದದ ಕಾಲಗಳನ್ನು ಮಾತ್ರ ನೋಡುವುದು, ಮುಂದಿನ ವಾರ ‘ಎ’, ‘ಆ್ಯನ್’, ‘ದ’ ಎಂಬ ಆರ್ಟಿಕಲ್‌ಗಳನ್ನು ಮಾತ್ರ. ತಪ್ಪಿನ ಕೆಳಗೆ ಗೆರೆ ಎಳೆಯುತ್ತಿದ್ದರೇ ಹೊರತು ಸರಿಯಾದದ್ದನ್ನು ಬರೆಯುತ್ತಿರಲಿಲ್ಲ. ಕನ್ನಡದಲ್ಲಿ ಇಲ್ಲದ ‘ದ’ವನ್ನು ಕಂಡಕಂಡಲ್ಲಿ ಚೆಲ್ಲುತ್ತಿದ್ದ ನಾವು ಗೆರೆಯನ್ನೇ ದಿಟ್ಟಿಸುತ್ತಾ ಕೂರಬೇಕಿತ್ತು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂದು ಬರೆದ ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ನಿನ್ನೆ ಮುಗಿದು ಹೋಯಿತಲ್ಲ, ಮುಗಿದ ದಿನಕ್ಕೆ ಹ್ಯಾವ್ ಯಾಕಪ್ಪಾ?’ ಎಂದಿದ್ದರು. ಆ ತಪ್ಪನ್ನು ನಾನು ಮತ್ತೆ ಮಾಡಿಲ್ಲ.

ಒಮ್ಮೆ ಅವರು ದೀರ್ಘ ರಜೆಯಲ್ಲಿದ್ದಾಗ ಬಂದ ಮೇಷ್ಟ್ರು ಸದಾ ನಗುಮುಖದವರು. ಯಾರ ಮೇಲೂ ದೂರಿಲ್ಲ, ಸಂಬಳದ ಮಾತಿಲ್ಲ. ಗೈಡಿನ ಉತ್ತರ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಮಗೆ ಅವರೆಂದರೆ ಬಹಳ ಇಷ್ಟ. ಅವರು ಹೊರಟುಹೋದ ಮೇಲೆ ನಮ್ಮಲ್ಲೊಬ್ಬರಿಗೂ ಸ್ವಂತವಾಗಿ ಒಂದು ಪತ್ರ ಬರೆಯಲು ಬರುತ್ತಿರಲಿಲ್ಲ.

ಮುಂದೆ ನಾನೂ ಇಂಗ್ಲಿಷ್ ಶಿಕ್ಷಕನಾಗಲು ಹೊರಟಾಗ ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಹೆಸರು ಪಠ್ಯದಲ್ಲಿ ಸಿಕ್ಕಿತು. ಎಂಜಿನಿಯರ್‌ಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಅವರು ಮಂಡಿಸಿದ ವಾದ ಇದು: ಸಂಬಳ, ಮೇಲಧಿಕಾರಿ, ನಿಯಮಗಳು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಅವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿಯ ಮೂಲ ಕೆಲಸದೊಳಗೇ ಇದೆ, ಏನನ್ನಾದರೂ ಸಾಧಿಸಿದ ಅನುಭವದಲ್ಲಿದೆ. ಎರಡೂ ಬೇರೆ ಬೇರೆ ಅಳತೆಗಳು. ಈ ವಾದವನ್ನು ಆಮೇಲೆ ಬಹಳ ಜನ ಪ್ರಶ್ನಿಸಿದ್ದಾರೆ. ಆದರೂ ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಮೇಡಂ ಅವರನ್ನೇ ನೆನೆಯುತ್ತಾ ಕುಳಿತಿದ್ದೆ. ಪ್ರಶ್ನಾವಳಿ ಹಿಡಿದ ಸಂಶೋಧಕರು ನಮ್ಮ ಶಾಲೆಗೆ ಬಂದಿದ್ದರೆ ನಗುಮುಖದ ಮೇಷ್ಟ್ರಿಗೇ ಹೆಚ್ಚು ಅಂಕ ಹೋಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ.

ಕೆಲಸಕ್ಕೆ ಸೇರಿದ ವರ್ಷ ನಾನು ತಿದ್ದಿದ ನೋಟ್‌ಬುಕ್ಕುಗಳ ಒಂದು ಕಟ್ಟನ್ನು ಮೇಡಂ ಅವರ ಮನೆಗೆ ಹೊತ್ತೊಯ್ದೆ. ಹೊಗಳಲಿ ಎಂಬ ಆಸೆ, ಬೇರೇನಲ್ಲ. ಮೊದಲ ಪುಟ ನೋಡಿದವರೇ ‘ಇಷ್ಟೊಂದು ಕೆಂಪು ಶಾಯಿಗೆ ದುಡ್ಡು ಯಾರು ಕೊಡುತ್ತಾರೆ?’ ಎಂದರು. ಆಮೇಲೆ ಪಿಂಚಣಿ ಕಾಗದಗಳ ಅಲೆದಾಟ ಶುರುವಾಯಿತು, ಕನ್ನಡಕದ ಹೊಸ ಗಾಜು ಸರಿಯಿಲ್ಲವೆಂದೂ ಆಯಿತು. ಗೊಣಗುತ್ತಲೇ ಎಂಟು ಪುಸ್ತಕಗಳನ್ನು ನೋಡಿ ಮುಗಿಸಿದರು. ಸಾಕು ಮೇಡಂ ಎಂದು ನಾನು ಕಟ್ಟಲು ಹೊರಟರೆ, ಒಂಬತ್ತನೆಯದನ್ನು ತಾವೇ ಎಳೆದುಕೊಂಡರು.