ಮೊದಲ ಹಿಂದಿಂದು ನೋಡು

2024ರ ಶ್ರಾವಣದ ಮೂರನೇ ಸೋಮವಾರ. ಧಾರವಾಡದಾಗ ಮಳಿ ಹಿಡಕೊಂಡು ಎರಡು ದಿನ ಆಗಿತ್ತು, ಮುಂಜಾನೆ ಹತ್ತಕ್ಕ ಹೋದ ಕರೆಂಟ್ ಇನ್ನೂ ಬಂದಿರಲಿಲ್ಲ. ಅವ್ವ ಪಡಸಾಲಿ ಕಿಟಕಿ ಮಗ್ಗಲ ಕುಂತು, ಚಿಗವ್ವ ಕಸೂತಿ ಹಾಕಿ ಕೊಟ್ಟಿದ್ದ ಕರೀ ಇಳಕಲ್ ಸೀರಿ ಸೆರಗು ಪರೀಕ್ಷಾ ಮಾಡಾಕತ್ತಿದ್ಲು. ನಾನು ಇನ್‌ಸ್ಟಾಗ್ರಾಮ್‌ಗೆ ಒಂದು ಫೋಟೋ ಆಗ್ತೈತಿ ಅಂತ ಫೋನ್ ಹಿಡದು ನಿಂತಿದ್ದೆ, ವಿಡಿಯೋ ಚಾಲೂ ಇತ್ತು ಅನ್ನೂದು ಆಮ್ಯಾಲೆ ನೋಡಿದಾಗ ಗೊತ್ತಾತು. ಅದರಾಗ ಅವ್ವನ ಮುಖ ಇಲ್ಲ. ಎರಡು ಕೈ, ಹಸರು ಬಳಿ, ಕಿಟಕಿ ಬೆಳಕು, ಹೊರಗ ಮಳಿ ಸಪ್ಪಳ. ಅವ್ವ ಸೆರಗು ಎತ್ತಿ ಬೆಳಕಿಗೆ ಹಿಡದು ಸಟ್ಟನ ತಿರುವಿ ಹಾಕಿ, ಉಗುರಲೆ ಒಂದು ಗೋಪುರದ ಗೆರಿ ಮ್ಯಾಲೆ ಹೋಗಿ, "ಮೊದಲ ಹಿಂದಿಂದು ನೋಡು, ಮುಂದಿಂದು ಯಾರರೆ ಚಲೋ ಮಾಡ್ತಾರ" ಅಂದ್ಲು. ಅಷ್ಟ. ಹದಿನೆಂಟು ಸೆಕೆಂಡು.

ಈ ಮಾತು ನಾನು ಸಣ್ಣಾಕಿ ಇದ್ದಾಗಿಂದ ಕೇಳೀನಿ. ನನಗ ಸೂಜಿ ಹಿಡಿಯಾಕ ಕಲಿಸಿದಾಗಲೂ ಅಕಿ ಮುಂದಿನ ಮಗ್ಗಲ ನೋಡ್ತಿರಲಿಲ್ಲ, ಬಟ್ಟಿ ಕಸಗೊಂಡು ತಿರುವಿ ಹಿಂದ ದಾರ ಹಾರಿದ್ರ, ಗಂಟು ಕಂಡ್ರ ಬಿಚ್ಚು ಅಂತಿದ್ಲು.

2021ರಾಗ ನಾನು ಈ ಸಣ್ಣ ಆನ್‌ಲೈನ್ ಅಂಗಡಿ ಶುರು ಮಾಡಿದ್ದು. ಅಂಗಡಿ ಅಂದ್ರ ಒಂದು ಇನ್‌ಸ್ಟಾಗ್ರಾಮ್ ಪೇಜು, ಒಂದು ವಾಟ್ಸಾಪ್ ಬಿಸಿನೆಸ್ ನಂಬರು, ಮನ್ಯಾಗ ಒಂದು ಟ್ರಂಕು. ಅವ್ವ, ಚಿಗವ್ವ, ಕಲಘಟಗಿಯಿಂದ ಬರೋ ಇಬ್ಬರು ಅಕ್ಕಾರು, ಇವ್ರು ನಾಲ್ಕು ಮಂದಿ ಕಸೂತಿ ಹಾಕ್ತಾರ, ಬ್ಲೌಸ್ ಪೀಸು, ದಿಂಬಿನ ಕವರು, ಚಸ್ಮಾ ಚೀಲ, ಪುಸ್ತಕದಾಗ ಇಡೋ ಪಟ್ಟಿ, ಒಮ್ಮೊಮ್ಮೆ ಸೀರಿ. ಫೋಟೋ, ವಿಡಿಯೋ, ಲೆಕ್ಕ, ಪಾರ್ಸಲ್ಲು ನಂದು. ಮೊದಲ ಮೂರು ವರ್ಷ ನಾನು ಎಲ್ಲಾರೂ ಮಾಡೂದನ್ನ ಮಾಡಿದೆ, ಹಿತ್ತಾಳಿ ಸಮಯಿ ಇಟ್ಟು, ಸುತ್ತ ಚೆಂಡು ಹೂ ಚೆಲ್ಲಿ, ನಡುವ ಬ್ಲೌಸ್ ಪೀಸ್ ಇಟ್ಟು ಫೋಟೋ, ಕೆಳಗ ಮೂವತ್ತು ಹ್ಯಾಶ್‌ಟ್ಯಾಗು, ರೀಲ್ ಮಾಡಿದ್ರ ಆ ವಾರ ಎಲ್ಲಾರೂ ಹಾಕೋ ಹಾಡು ಹಾಕೋಣ ಅಂದ್ರ ಬಿಸಿನೆಸ್ ಅಕೌಂಟಿಗೆ ಅಂಥಾ ಸಿನಿಮಾ ಹಾಡು ಬಹುತೇಕ ಸಿಗೂದ ಇಲ್ಲ, ಹಂಗಾಗಿ ಯಾವುದೋ ಕೊಳಲಿನ ಟ್ಯೂನು. ನೋಡಿದವ್ರು ಮುನ್ನೂರು ನಾನೂರು ಮಂದಿ. ಲೈಕ್ ಬರ್ತಿದ್ವು, "ಸೂಪರ್" ಅಂತ ಬರ್ತಿತ್ತು, ಆರ್ಡರ್ ಬರೂದು ತಿಂಗಳಿಗೆ ಐದಾರು, ಅದೂ ಹೆಚ್ಚಾಗಿ ಗುರುತು ಪರಿಚಯದವ್ರದು.

ಆವತ್ತು ಸಂಜೀಕ ಕರೆಂಟ್ ಬಂದ ಮ್ಯಾಲೆ ಆ ವಿಡಿಯೋ ನೋಡಿದೆ. ಹಾಡಿಲ್ಲ, ಹೂವಿಲ್ಲ, ಸ್ವಲ್ಪ ಕತ್ತಲಿ ಬ್ಯಾರೆ. ಆದ್ರ ಆ ತಿರುವಿ ಹಾಕೋ ಕ್ಷಣದಾಗ ಮುಂದ ಇದ್ದ ಗೋಪುರ ಹಿಂದನೂ ಹಂಗ ಇತ್ತು, ಒಂದು ಗೆರಿ ಹೆಚ್ಚಿಲ್ಲ ಕಡಿಮಿಲ್ಲ, ಯಾವುದು ಮುಂದ ಯಾವುದು ಹಿಂದ ಅಂತ ನನಗ ಸತೇಕ ಒಂದು ಗಳಿಗಿ ತಿಳೀಲಿಲ್ಲ. ಹಂಗ ಹಾಕಿಬಿಟ್ಟೆ. ಕೆಳಗ ಎರಡ ಸಾಲು ಬರದೆ: ಇದು ಗವಂತಿ, ಗಂಟು ಇಲ್ಲ, ಬಟ್ಟಿ ಮ್ಯಾಲೆ ಡಿಸೈನ್ ಬರಕೊಂಡಿಲ್ಲ, ಎಳಿ ಎಣಿಸಿ ಹಾಕಿದ್ದು.

ಗೊತ್ತಿಲ್ಲದವ್ರಿಗೆ ಇಲ್ಲೆ ಸ್ವಲ್ಪ ಹೇಳಬೇಕು, ಯಾಕಂದ್ರ ಮುಂದ ಆದದ್ದೆಲ್ಲಾ ಇದರ ಮ್ಯಾಲೆ ನಿಂತೈತಿ. ಕಸೂತಿಯೊಳಗ ನಾಲ್ಕು ಥರದ ಹೊಲಿಗಿ ಐತಿ, ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಗವಂತಿಯೊಳಗ ಸೂಜಿ ಹೋಗೂವಾಗ ಒಂದು ಹೊಲಿಗಿ ಹಾಕಿ ಒಂದು ಬಿಟ್ಟು ಹೋಗ್ತೈತಿ, ತಿರುಗಿ ಬರೂವಾಗ ಬಿಟ್ಟಲ್ಲೆ ತುಂಬಕೋತ ಬರ್ತೈತಿ, ಹಂಗಾಗಿ ಎರಡೂ ಮಗ್ಗಲ ಒಂದ ಥರ. ಮುರ್ಗಿನೂ ಹಂಗ, ಆದ್ರ ಅದು ಮೆಟ್ಟಲ ಮೆಟ್ಟಲ ಏರಿಕೋತ ಹೋಗ್ತೈತಿ. ನೇಯ್ಗಿ ನೋಡಿದ್ರ ಮಗ್ಗದ ಮ್ಯಾಲೆ ನೇಯ್ದಂಗ ಕಾಣ್ತೈತಿ, ಮೆಂತೆ ಗುಣಾಕಾರದ ಗುರುತಿನಂಗ (×) ಅಡ್ಡಡ್ಡ, ಇವೆರಡರ ಹಿಂಬದಿ ಬ್ಯಾರೆ ಇರ್ತೈತಿ. ತುಳಸಿ ಕಟ್ಟಿ ಚಿತ್ತಾರ ಹಾಕೂವಾಗ ಒಳಗ ದೀಪದ ಗೂಡಿಗೆ ಹೋದ ದಾರ ಹೊರಗ ಬರಾಕ ದಾರಿ ಮೊದಲ ತಲ್ಯಾಗ ಇರಬೇಕು, ಇಲ್ಲಾಂದ್ರ ಅಲ್ಲೆ ಸಿಕ್ಕಿಹಾಕೊಂಡು ಗಂಟು ಹಾಕೂದು ಬರ್ತೈತಿ. ಒಂದು ಎಳಿ ಎಣಿಕಿ ತಪ್ಪಿದ್ರ ಹೋದ ಸೂಜಿಗೂ ಬಂದ ಸೂಜಿಗೂ ಕೂಡಂಗಿಲ್ಲ, ಗೋಪುರದ ಕಳಸ ಬಾಗ್ತೈತಿ. ಅವ್ವ ಹಾಕೂವಾಗ ಮಾತಾಡಂಗಿಲ್ಲ, ತುಟಿ ಅಷ್ಟ ಅಲ್ಲಾಡ್ತಾವು, ಎಣಸ್ತಿರ್ತಾಳ.

ರಾತ್ರಿ ಊಟ ಆಗೂದ್ರಾಗ ಆ ರೀಲ್ ನಲವತ್ತು ಸಾವಿರ ಮಂದಿ ನೋಡಿದ್ರು. ಮುಂಜಾನೆ ಎದ್ದಾಗ ಎರಡು ಲಕ್ಷ ದಾಟಿತ್ತು. ಫೋನ್ ಬಿಸಿ ಆಗಿಬಿಟ್ಟಿತ್ತು. ಡಿಎಂ ಒಳಗ "ಪ್ರೈಸ್ ಪ್ಲೀಸ್", "ಎಷ್ಟ್ರಿ ಅಕ್ಕಾ", "ಪುಣೆಕ್ಕ ಕಳಸ್ತೀರೇನ್ರಿ", ಅಮೆರಿಕಾದಾಗ ಇರೋ ಕನ್ನಡದವ್ರು, ಮರಾಠಿ ಮಂದಿ, ತಮಿಳು ಮಂದಿ, "ನಮ್ಮ ಅಜ್ಜಿ ಹಿಂಗ ಹಾಕ್ತಿದ್ರು" ಅಂತ ಬರದವ್ರ ಎಷ್ಟು ಮಂದಿ. ಒಬ್ರು ಅವ್ರ ಅಜ್ಜಿ ಮದವಿದು ಚಂದ್ರಕಾಳಿ ಅನ್ನೋ ಕರೀ ಸೀರಿ ಫೋಟೋ ಕಳಿಸಿದ್ರು, ಸೆರಗಿನ ಮ್ಯಾಲೆ ತೇರು, ಆನಿ ಅಂಬಾರಿ, ಒಂದು ಕಡೆ ಇಲಿ ಕಡದು ಹರಿದಿತ್ತು, "ಇದನ್ನ ಸರಿ ಮಾಡಾಕ ಬರ್ತೈತೇನ್ರಿ" ಅಂತ ಕೇಳಿದ್ರು. ಅವ್ವಗ ತೋರಿಸಿದೆ. ಫೋಟೋ ದೊಡ್ಡದು ಮಾಡಿ ಮಾಡಿ ಎಳಿ ಎಣಿಸಿ, "ಬರ್ತೈತಿ, ಸೀರಿ ಕಳಸಾಕ ಹೇಳು" ಅಂದ್ಲು.

ಆ ಮೂರು ದಿನದಾಗ ನಾನು ತಪ್ಪು ಮಾಡಿದೆ. ಕೇಳಿದವ್ರಿಗೆಲ್ಲಾ ಹೂಂ ಅಂದೆ. ಇಪ್ಪತ್ತು ದಿನದಾಗ ಕಳಸ್ತೀನಿ ಅಂತ ಬರದು ಯುಪಿಐ ಮ್ಯಾಲೆ ರೊಕ್ಕ ತಗೊಂಡೆ. ಮೂರು ವರ್ಷ ಒಂದೊಂದು ಆರ್ಡರಿಗೆ ಕಾದಾಕಿ, ಬಂದದ್ದು ಹೋಗಿಬಿಟ್ಟೀತು ಅನ್ನೋ ಅಂಜಿಕಿ. ನಾಲ್ಕನೇ ದಿನ ರಾತ್ರಿ ಅವ್ವನೇ ನೋಟ್‌ಬುಕ್ ತಗೊಂಡು ಕುಂತು "ಎಷ್ಟು ಆದ್ವು ಹೇಳು" ಅಂದ್ಲು. 46 ಆರ್ಡರು, ಅದರಾಗ ಬ್ಲೌಸ್ ಪೀಸ್ 19, ಉಳದ 27 ಚಸ್ಮಾ ಚೀಲ, ಪಟ್ಟಿ ಹಿಂಥಾವು. ಒಂದು ಬ್ಲೌಸಿಗೆ ಎಂಟು ದಿನ ಹಿಡಿತೈತಿ, ಸಣ್ಣದಕ್ಕ ಎರಡು. ಕೂಡಿಸಿದ್ರ 206 ದಿನದ ಕೆಲಸ. ನಾಲ್ಕು ಮಂದಿ ಒಂದು ದಿನ ಸತೇಕ ಬಿಡದ ಕುಂತ್ರೂ ಐವತ್ತೊಂದು ಐವತ್ತೆರಡು ದಿನ. ಅವ್ವ ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ, "ಮಶೀನಿಗೆ ಹೇಳಿದಂಗ ನಮಗ ಹೇಳಿದೆಲ್ಲ ತಂಗಿ" ಅಂದ್ಲು, ಒಳಗ ಹೋದ್ಲು. ಬೈದಿದ್ರ ಛಲೋ ಇತ್ತು.

ಮರದಿನ ಮುಂಜಾನೆ 46 ಮಂದಿಗೂ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಮೆಸೇಜ್ ಬರದೆ, ಕಾಪಿ ಪೇಸ್ಟ್ ಮಾಡಲಿಲ್ಲ. ದೀಪಾವಳಿ ಮಟ ಕಾಯಬೇಕಾಗ್ತೈತಿ, ತಪ್ಪು ನಂದು, ಬ್ಯಾಡ ಅಂದ್ರ ಇವತ್ತ ರೊಕ್ಕ ವಾಪಸ್ ಹಾಕ್ತೀನಿ ಅಂತ. 14 ಮಂದಿ ವಾಪಸ್ ಕೇಳಿದ್ರು, ಸಂಜೀ ಒಳಗ ಹಾಕಿದೆ. ಇಬ್ರು ಕಡಕ್ ಮಾತಾಡಿದ್ರು, ಅವ್ರು ಮಾತಾಡೂದು ನ್ಯಾಯ ಇತ್ತು. 32 ಮಂದಿ ಕಾಯ್ತೀವಿ ಅಂದ್ರು. ಅದರಾಗ ಒಬ್ಬ ಅಕ್ಕಾರು, "ನಂದು ಕಡೀಕ ಹಾಕ್ರಿ, ನಿಮ್ಮ ಅವ್ವಾರಿಗೆ ಅವಸರ ಮಾಡಬ್ಯಾಡ್ರಿ" ಅಂತ ಬರದಿದ್ರು, ಅದನ್ನ ಓದಿ ಕಣ್ಣಾಗ ನೀರು ಬಂತು.

ರೇಟಿನ ವಿಷಯ ಬ್ಯಾರೆನ ತಲಿಬ್ಯಾನಿ. ಎಂಟು ದಿನ ಹಿಡದ ಬ್ಲೌಸ್ ಪೀಸಿಗೆ 2,800 ಅಂದ್ರ "ಇದ ಡಿಸೈನ್ 450ಕ್ಕ ಸಿಗ್ತೈತಿ" ಅಂತ ಲಿಂಕ್ ಕಳಸವ್ರು ಭಾಳ. ಲಿಂಕ್ ತಗದು ನೋಡಿದ್ರ ಕಂಪ್ಯೂಟರ್ ಮಶೀನ್ ಎಂಬ್ರಾಯ್ಡರಿ. ಮಶೀನಿಂದು ಕೆಟ್ಟದ್ದು ಅಂತ ನಾ ಹೇಳಂಗಿಲ್ಲ, ಅದನ್ನ ಕಸೂತಿ ಅಂತ ಹೆಸರಿಟ್ಟು ಮಾರೂದು ತಪ್ಪು. ಕಸೂತಿಗೆ ಜಿಐ ಟ್ಯಾಗ್, ಅಂದ್ರ ಇದು ಇಂಥಾ ಸೀಮಿದು ಅನ್ನೋ ಗುರುತು ಐತಿ, ಕರ್ನಾಟಕದ್ದು ಅಂತ ಸರ್ಕಾರದ ದಾಖಲಿಯೊಳಗ ಐತಿ. ಮುಂದ ಒಂದು ತಿಂಗಳಿಗೆ ಯಾವುದೋ ಒಂದು ಪೇಜಿನವ್ರು ನಮ್ಮ ಅದ ಹದಿನೆಂಟು ಸೆಕೆಂಡಿನ ವಿಡಿಯೋ ಎತ್ತಿ, ಅವ್ವನ ಧ್ವನಿ ತಗದು ಹಾಡು ಕೂಡಿಸಿ, ಕೆಳಗ 599 ಅಂತ ಬರದು ಮಾರಾಕ ಶುರು ಮಾಡಿದ್ರು. ನನಗ ಗೊತ್ತಾಗಿದ್ದು ಒಬ್ಬ ಹೆಣ್ಮಗಳು ಅವ್ರ ಕಡೆ ತಗೊಂಡು, ಮೋಸ ಆತು ಅಂತ ಸಿಟ್ಟಿಲೆ ನಮಗ ಫೋಟೋ ಕಳಿಸಿದಾಗ. ಬಟ್ಟಿ ಹಿಂದ ಬಿಳೀ ಪೇಪರಿನಂಥಾದ್ದು ಅಂಟಿತ್ತು, ಒಂದು ಗೋಪುರದಿಂದ ಇನ್ನೊಂದಕ್ಕ ದಾರ ಹಾರಿತ್ತು, ಬಾಬಿನ್ನಿನ ಬಿಳೀ ದಾರ ಕಾಣ್ತಿತ್ತು. ಅಕಿಗೆ ಅದು ನಮ್ಮದಲ್ಲ ಅಂತ ತಿಳಿಸಿ ಹೇಳೂದ್ರಾಗ ರಾತ್ರಿ ಹನ್ನೊಂದಾತು. ರಿಪೋರ್ಟ್ ಮಾಡಿದೆ, ಮೂಲ ವಿಡಿಯೋ ನಂದ ಅಂತ ತೋರಿಸಿದೆ, ಕಡೀಕ ತಗದ್ರು, ಅಷ್ಟೊತ್ತಿಗೆ ಎಷ್ಟು ಮಂದಿ ತಗೊಂಡಿದ್ರೋ. ನನಗ ರೊಕ್ಕಕ್ಕಿಂತ ಅವ್ವನ ಧ್ವನಿ ಅಳಿಸಿ ಹಾಕಿದ್ದ ಭಾಳ ನೋವಾತು. ಆ ಮಾತ ಅಲ್ಲೇನ್ರಿ ಆ ವಿಡಿಯೋ ಅಂದ್ರ?

ಅಲ್ಲಿಂದ ನಾನು ಪೋಸ್ಟ್ ಹಾಕೋ ರೀತಿನ ಬದಲಾತು. ಗವಂತಿ, ಮುರ್ಗಿ ಇದ್ದದ್ದಕ್ಕೆಲ್ಲಾ ಮೊದಲನೇ ಫೋಟೋ ಹಿಂಬದಿದು, ಎರಡನೇದು ಮುಂದಿಂದು. ಮೆಂತೆ, ನೇಯ್ಗಿ ಇದ್ರ ಹಿಂದ ಬ್ಯಾರೆ ಇರ್ತೈತಿ ಅಂತ ಬರದು ಅದನ್ನೂ ತೋರಸ್ತೀನಿ, ಮುಚ್ಚಿಡಂಗಿಲ್ಲ. ರೇಷ್ಮಿ ಬಟ್ಟಿ ಮ್ಯಾಲೆ ಎಳಿ ಕಣ್ಣಿಗೆ ಸಿಗಂಗಿಲ್ಲ ಅಂತ ಮ್ಯಾಲೆ ಮ್ಯಾಟಿ ಅನ್ನೋ ಎಳಿ ಬಿಡಿಬಿಡಿಯಾಗಿ ಕಾಣೋ ಬಟ್ಟಿ ಇಟ್ಟು ಅದರ ಎಳಿ ಎಣಿಸಿ ಹಾಕಿ, ಆಮ್ಯಾಲೆ ಮ್ಯಾಟಿ ಎಳಿ ಒಂದೊಂದ ಜಗ್ಗಿ ತಗೀತಾರಲ್ಲಾ, ಆ ಜಗ್ಗಿ ತಗಿಯೂದನ್ನೂ ವಿಡಿಯೋ ಮಾಡಿ ಹಾಕಿದೆ, ಅದನ್ನ ಮಂದಿ ಕಡೀತನಕ ನೋಡ್ತಾರ. ಅದ ಆಗಸ್ಟಿನ್ಯಾಗ ಒಂದು ಪೋಸ್ಟಿಗೆ ಇಪ್ಪತ್ತು ಫೋಟೋ ಹಾಕಾಕ ಇನ್‌ಸ್ಟಾಗ್ರಾಮ್ ಬಿಟ್ಟಿತ್ತು, ಮೊದಲ ಹತ್ತ ಇತ್ತು, ಅದು ನಮಗ ಭಾಳ ಅನುಕೂಲಾತು, ಖಾಲಿ ಬಟ್ಟಿಯಿಂದ ಹಿಡದು ಮುಗಿಯೂತನಕ ದಿನಕ್ಕೊಂದು ಫೋಟೋ, ಒಂದನೇ ದಿನ, ಎರಡನೇ ದಿನ ಅಂತ. ರೇಟ್ ಯಾಕಿಷ್ಟು ಅಂತ ಕೇಳವ್ರಿಗೆ ಈಗ ಆ ಪೋಸ್ಟ್ ಕಳಸ್ತೀನಿ, ಬಹಳ ಮಂದಿ ಮತ್ತ ಕೇಳಂಗಿಲ್ಲ.

ಬಣ್ಣ ಮಾತ್ರ ಇನ್ನೂ ಕೈಗೆ ಹತ್ತಿಲ್ಲ ಪೂರ್ತಿ. ಕರೀ ಬಟ್ಟಿ ಮ್ಯಾಲಿನ ಕುಂಕುಮ ಕೆಂಪು ಫೋನಿನ್ಯಾಗ ಕಿತ್ತಳಿ ಆಗಿಬಿಡ್ತೈತಿ, ಎಲ್‌ಇಡಿ ಬಲ್ಬಿನ ಕೆಳಗಂತೂ ಗುಲಾಬಿ. ಮೊದಲನೇ ವರ್ಷ ಒಂದು ಸೀರಿ ವಾಪಸ್ ಬಂದಿದ್ದು ಇದರಿಂದನ. ಈಗ ಮುಂಜಾನೆ ಹತ್ತರಿಂದ ಹನ್ನೊಂದು, ಅದ ಕಿಟಕಿ ಮಗ್ಗಲ, ಮಗ್ಗಲಕ್ಕ ಒಂದು ಬಿಳೀ ಹಾಳಿ ಇಟ್ಟು ತಗೀತೀನಿ, ಹಾಳಿ ಬಿಳೀ ಕಂಡ್ರ ಕೆಂಪೂ ಸುಮಾರು ಸರಿ ಬರ್ತೈತಿ. ಫಿಲ್ಟರ್ ಪೂರ್ತಿ ಬಿಟ್ಟೆ. ಆರ್ಡರ್ ಹಾಕೋಕಿಂತ ಮೊದಲ ದಾರದ ಲಡಿ ಹಿಡದು ಬಿಸಿಲಾಗ ಒಂದು ವಿಡಿಯೋ ವಾಟ್ಸಾಪ್‌ಗೆ ಕಳಸ್ತೀನಿ. ಮತ್ತೊಂದು, 2025ರ ಜನವರಿಯೊಳಗ ಪೇಜಿನ ಚೌಕಾಕಾರದ ಫೋಟೋ ಎಲ್ಲಾ ಉದ್ದಕ ಆದ್ವಲ್ಲಾ, ಆವಾಗ ನಮ್ಮ ಹಳೇ ಫೋಟೋದಾಗಿನ ತೇರಿನ ಗಾಲಿ ಎಡಬಲ ಕತ್ತರಿಸಿದಂಗ ಆಗಿ ಕುಂತ್ವು. ಸೆರಗಿನ ಅಂಚು ಅಡ್ಡ ಹೋಗೂದು, ಫೋನು ಉದ್ದಕ ನಿಂತಿದ್ದು, ಇವೆರಡಕ್ಕೂ ಹೊಂದಂಗಿಲ್ಲ. ಅದಕ್ಕ ಅಂಚಿನ ವಿಡಿಯೋ ಮಾಡೂವಾಗ ಈಗ ಸೀರಿನ ಕೋಲಿಗೆ ಹಾಕಿ ನಿಧಾನಕ ಸರಸ್ಕೋತ ಹೋಗ್ತೀನಿ, ಒಂದು ತೇರು ಹೋತು, ಮುಂದ ಆನಿ ಬಂತು, ಮುಂದ ನವಿಲು ಬಂತು, ಜಾತ್ರಿ ನೋಡಿದಂಗ ಆಗ್ತೈತಿ.

ಆ 32 ಆರ್ಡರ್ ಮುಗದದ್ದು ದೀಪಾವಳಿಗೆ ಎರಡು ದಿನ ಇದ್ದಾಗ. ಕಡೀ ಪಾರ್ಸಲ್ ಪೋಸ್ಟಿಗೆ ಒಯ್ಯೂವಾಗ ಅವ್ವನೂ ಬರ್ತೀನಿ ಅಂದ್ಲು, ಕೌಂಟರಿನ್ಯಾಗ ತೂಕ ಮಾಡೂದನ್ನ ನೋಡಕೋತ ನಿಂತ್ಲು. ಈಗ ನಾವು ತಿಂಗಳಿಗೆ ಹನ್ನೆರಡ ಆರ್ಡರ್ ತಗೋತೀವಿ, ನೋಟ್‌ಬುಕ್ ಅವ್ವನ ಕಡೆ ಐತಿ, ಅಕಿ ಹೂಂ ಅಂದ ಮ್ಯಾಲೆನ ನಾನು ಹೂಂ ಅನ್ನೂದು. ರೀಲ್ ಮತ್ತ ಯಾವುದೂ ಎರಡು ಲಕ್ಷ ಮುಟ್ಟಿಲ್ಲ, ಐದು ಸಾವಿರ, ಎಂಟು ಸಾವಿರ, ಹಿಂಗ. ಸಾಕು ನಮಗ. ಕಲಘಟಗಿ ಅಕ್ಕಾರ ಮಗಳು ಹೋದ ತಿಂಗಳಿಂದ ಸೂಜಿ ಹಿಡದಾಳ, ಅಕಿ ಮೊದಲನೇ ಪಟ್ಟಿಯ ಹಿಂಬದಿ ಅವ್ವ ಎರಡು ಸಲ ಬಿಚ್ಚಿಸ್ಯಾಳ, ಮೂರನೇ ಸಲದ್ದು ಇನ್ನೂ ನಡದೈತಿ.

ಅಜ್ಜಿದು ಚಂದ್ರಕಾಳಿ ಸೀರಿ ಅಂತ ಬರದಿದ್ರಲ್ಲಾ, ಆ ಸೀರಿ ಈಗ ಅವ್ವನ ತೊಡಿ ಮ್ಯಾಲೆ ಐತಿ. ಪುಣೆದಿಂದ ಬಂದದ್ದು ಹಳೇ ಪತ್ತಲದ ಗಂಟಿನ್ಯಾಗ, ನ್ಯಾಫ್ತಲೀನ್ ಗುಳಗಿ ವಾಸನಿ ಇನ್ನೂ ಹೋಗಿಲ್ಲ. ಇಷ್ಟು ತಡಾ ಆಗಿದ್ದಕ್ಕ ಬೇಸರ ಇಲ್ಲ ಅಂದಾರ ಅವ್ರು. ಹಳೇ ದಾರಕ್ಕ ಹೊಂದೋ ಬಣ್ಣದ ರೇಷ್ಮಿ ದಾರ ಹುಡುಕೂದ್ರಾಗ ಮೂರು ತಿಂಗಳ ಹೋತು. ಹರದ ಜಾಗದ ಹಿಂದ ಬಟ್ಟಿ ಇಟ್ಟು ಎಳಿ ಕೂಡಿಸಿ, ಆ ಅಜ್ಜಿ ಎಲ್ಲೆ ಸೂಜಿ ಎತ್ತಿದ್ಲೋ ಅಲ್ಲೇ ಎತ್ತಬೇಕು ಅಂತ ಅವ್ವ ಸೀರಿ ತಿರುವಿ ತಿರುವಿ ನೋಡ್ತಾಳ. ನಿನ್ನಿ ತೇರಿನ ಒಂದು ಗಾಲಿ ಕೂಡ್ತು. ಇನ್ನ ಒಂದು ಗಾಲಿ, ಮ್ಯಾಲಿನ ಕಳಸ ಉಳದಾವು, ಹೊರಗ ಮೋಡ ಕವಿಯಾಕತ್ತೈತಿ, ಬೆಳಕು ಹೋಗೂದ್ರಾಗ ಗಾಲಿ ಅರ್ಧಾನರೆ ಆಗ್ತೈತಿ ಅಂತ ಕುಂತಾಳ, ನಾನು ಫೋನ್ ಒಳಗ ಇಟ್ಟು ಅಕಿಗೆ ಸೂಜಿ ಪೋಣಿಸಿ ಕೊಡಾಕತ್ತೀನಿ.