ಎರಡು ಸಲ ಹೇಳಿದ ಅಭಿನಂದನೆ

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಮಗಳ ಕೈ ಹಿಡಿದು ಲಿಫ್ಟಿನೊಳಗೆ ಕಾಲಿಟ್ಟಾಗ ಎದುರು ಮನೆಯ ಅಜೊಶ್ಶಿ ಆಗಲೇ ಒಳಗಿದ್ದರು. ಅಜೊಶ್ಶಿ ಎಂದರೆ ಇಲ್ಲಿಯ ಮಕ್ಕಳ ಬಾಯಲ್ಲಿ ಮಾಮ, ಚಿಕ್ಕಪ್ಪ, ಪಕ್ಕದ ಮನೆಯ ಅಂಕಲ್ ಎಲ್ಲವೂ ಹೌದು. ನಲವತ್ತರ ಮಧ್ಯದಲ್ಲಿರುವ, ಮಿತಭಾಷಿಯಾದ ಈ ಮನುಷ್ಯ ನಾವು ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದ ಆರು ವರ್ಷಗಳಲ್ಲಿ ನನ್ನೊಡನೆ ತಲೆಬಾಗಿ ವಂದಿಸಿದ್ದನ್ನು ಬಿಟ್ಟರೆ ಹೆಚ್ಚೇನೂ ಮಾತಾಡಿದವರಲ್ಲ. ಮಗಳ ಕೈಯಲ್ಲಿದ್ದ ಪ್ರಮಾಣಪತ್ರವನ್ನು ನೋಡಿ, ಸ್ಪರ್ಧೆ ಏನಾಯಿತೆಂದು ಹುಬ್ಬಿನಲ್ಲೇ ಕೇಳಿದರು. ಅವಳು ಎರಡು ಬೆರಳು ತೋರಿಸಿದಳು. ಅವರ ಮುಖ ಇದ್ದಕ್ಕಿದ್ದಂತೆ ಅರಳಿತು. "ಚುಕಾಹೇ," ಎಂದರು, ಒಂದು ಕ್ಷಣ ಬಿಟ್ಟು ಮತ್ತೆ "ಚುಕಾಹೇ," ಎಂದರು. ಅಭಿನಂದನೆ, ಅಭಿನಂದನೆ. ನಮ್ಮ ಮಹಡಿ ಬಂದು ಹೊರಗೆ ಹೆಜ್ಜೆಯಿಟ್ಟ ಮೇಲೂ ಅದೇ ಮಾತನ್ನು ಎರಡೆರಡು ಸಲ ಹೇಳಿ, ತಮ್ಮಷ್ಟಕ್ಕೇ ನಕ್ಕು ಬಾಗಿಲು ಹಾಕಿಕೊಂಡರು.

"ಅಮ್ಮಾ, ಅವರು ನನ್ನನ್ನು ಆಡಿಕೊಂಡರಾ?" ಎಂದು ಮಗಳು ಕೇಳಿದಳು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿದ್ದದ್ದು ಅರ್ಧ ಗಂಟೆಯ ಹಿಂದೆ ನಾನೇ ಆಡಿದ್ದ ಮಾತು. ಅವಳು ಆಡಿದ್ದು ಬಾದುಕ್, ಕಪ್ಪು ಬಿಳುಪು ಕಾಯಿಗಳನ್ನಿಟ್ಟು ಜಾಗ ಸುತ್ತುವರಿಯುವ ಆಟ. ಆ ಜಾಗವನ್ನು ಕೊರಿಯನ್ನರು 'ಚಿಪ್' ಎಂದು, ಅಂದರೆ ಮನೆ ಎಂದು, ಎಣಿಸುತ್ತಾರೆ. ಮಗಳು ಅಂತಿಮ ಆಟದಲ್ಲಿ ಸೋತದ್ದು ಅರ್ಧ ಮನೆಯಿಂದ. ನಾನು ಅವಳ ಬೆನ್ನು ತಟ್ಟುವ ಬದಲು, "ಆ ಅರ್ಧ ಮನೆ ಎಲ್ಲಿ ಹೋಯಿತು?" ಎಂದು ಕೇಳಿದ್ದೆ.

ಸಂಜೆ ಏಳರ ಹೊತ್ತಿಗೆ ಅಜೊಶ್ಶಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹುರಿದ ಕೋಳಿಯ ಪೊಟ್ಟಣಗಳಿದ್ದವು, ಅವೂ ಎರಡೇ. ಲಿಫ್ಟಿನಲ್ಲಿ ತಾವು ನಡೆದುಕೊಂಡದ್ದು ವಿಚಿತ್ರವಾಗಿ ಕಂಡಿರಬಹುದೆಂದು ಹೆಂಡತಿ ಬೈದು ಕಳಿಸಿದ್ದಾಳೆ ಎಂದರು. ನನ್ನ ಕೊರಿಯನ್ ಭಾಷೆ ತರಕಾರಿ ಅಂಗಡಿಯಿಂದಾಚೆಗೆ ದಾಟಿಲ್ಲವಾದ್ದರಿಂದ ಮಗಳೇ ದುಭಾಷಿಯಾದಳು. ಹೀಗೆ ಹೊಂಗ್ ಜಿನ್‌ಹೊ ಎಂಬ ಕಂಪ್ಯೂಟರ್ ಆಟಗಾರನ ಹೆಸರು ನಮ್ಮ ಅಡುಗೆಮನೆಯ ಮೇಜಿನ ಬಳಿಗೆ ಬಂತು.

1997ರ ಕೊನೆಯಲ್ಲಿ ಕೊರಿಯಾ ಸಾಲಕ್ಕಾಗಿ ಐಎಂಎಫ್‌ನ ಬಾಗಿಲಿಗೆ ಹೋದಾಗ ಅಜೊಶ್ಶಿ ಇನ್ನೂ ಹೈಸ್ಕೂಲಿಗೆ ಕಾಲಿಟ್ಟಿರಲಿಲ್ಲ. ಮರುವರ್ಷ ಸ್ಟಾರ್‌ಕ್ರಾಫ್ಟ್ ಎಂಬ ಅಮೆರಿಕದ ತಂತ್ರದಾಟ ಬಂತು. ಕೆಲಸ ಕಳೆದುಕೊಂಡ ಎಷ್ಟೋ ಅಪ್ಪಂದಿರು ಇದ್ದಬದ್ದ ಹಣದಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ಕಂಪ್ಯೂಟರ್ ಕೊಡುವ ಪೀಸೀ ಬಾಂಗ್‌ಗಳನ್ನು ತೆರೆದರು, ಅವರ ಮಕ್ಕಳು ಅಲ್ಲಿ ಕುಳಿತು ಈ ಆಟವನ್ನು ಕಲಿತರು. ಎರಡು ವರ್ಷಗಳಲ್ಲಿ ಅದಕ್ಕೆಂದೇ ಟೀವಿ ವಾಹಿನಿ, ಸಂಬಳದ ಆಟಗಾರರು, ತಂಡಗಳು ಹುಟ್ಟಿಕೊಂಡವು. 2004ರ ಜುಲೈನಲ್ಲಿ ಬುಸಾನ್‌ನ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ತಂಡಗಳ ಲೀಗಿನ ಅಂತಿಮ ಪಂದ್ಯಕ್ಕೆ ಒಂದು ಲಕ್ಷ ಜನ ಸೇರಿದ್ದರೆಂದು ಇಂದಿಗೂ ಹೇಳುತ್ತಾರೆ. ಇಬ್ಬರು ಹುಡುಗರು ಕಂಪ್ಯೂಟರ್ ಮುಂದೆ ಕುಳಿತು ಆಡುವುದನ್ನು ಲಕ್ಷ ಜನ ಮರಳಿನ ಮೇಲೆ ಕುಳಿತು ನೋಡುವುದನ್ನು ಊಹಿಸಿಕೊಳ್ಳಲು ನನಗೆ ನಮ್ಮ ಕಡೆಯ ಜಾತ್ರೆಯ ರಾತ್ರಿ, ತೆರೆದ ಬಯಲಿನ ನಾಟಕವನ್ನು ನೆನೆದುಕೊಳ್ಳಬೇಕಾಯಿತು.

ಆ ಕಾಲದ ದೊಡ್ಡ ತಾರೆ ಇಮ್ ಯೊಹ್ವಾನ್, 'ಟೆರನ್ ಚಕ್ರವರ್ತಿ'. ಟೆರನ್ ಎಂದರೆ ಆಟದಲ್ಲಿಯ ಮನುಷ್ಯರ ಪಡೆ. ಅವನ ಎದುರಾಳಿ ಹೊಂಗ್ ಜಿನ್‌ಹೊ ಜರ್ಗ್ ಎಂಬ ಜೀವಿಗಳ ಪಡೆಯನ್ನು ಆಡಿಸುತ್ತಿದ್ದ, ಬಿರುಗಾಳಿಯಂತೆ ಮುನ್ನುಗ್ಗುತ್ತಿದ್ದ. ಇಬ್ಬರ ಹೆಸರಿನ ತುಂಡುಗಳನ್ನು ಕೂಡಿಸಿ ಅವರ ಪೈಪೋಟಿಗೆ ಜನ 'ಇಮ್‌ಜಿನ್‌ರೊಕ್' ಎಂದು ಹೆಸರಿಟ್ಟರು. ಅದು 1592ರಲ್ಲಿ ಜಪಾನ್ ದಂಡೆತ್ತಿ ಬಂದ ಯುದ್ಧದ ಹಳೆಯ ಕಥನದ ಹೆಸರು. ಹೆಸರು ದೊಡ್ಡದು, ಆದರೆ ದೊಡ್ಡ ಲೀಗುಗಳಲ್ಲಿ ಹೊಂಗ್‌ನ ಪಾಲಿಗೆ ಬಂದದ್ದು ಬರೀ ಎರಡನೆಯ ಸ್ಥಾನ. 2001ರಲ್ಲಿ ಸ್ಟಾರ್‌ಲೀಗ್ ಎಂಬ ಟೀವಿ ಪಂದ್ಯಾವಳಿಯ ಅಂತಿಮದಲ್ಲಿ ಇಮ್‌ನ ಎದುರು 3-2ರ ಸೋಲು, 2003ರಲ್ಲಿ ಸೊ ಜಿಹೂನ್‌ನ ಎದುರು ಮತ್ತೆ 3-2. ಗೆದ್ದ ಸೊ ಜಿಹೂನ್ ವೇದಿಕೆಯ ಮೇಲೆ ಅಳುತ್ತಾ "ಅಮ್ಮಾ, ನಿನ್ನನ್ನು ಪ್ರೀತಿಸುತ್ತೇನೆ" ಎಂದದ್ದು ಎಲ್ಲರಿಗೂ ನೆನಪಿದೆ. ಅಜೊಶ್ಶಿಗೆ ಮಾತ್ರ ಆ ರಾತ್ರಿ ಹೊಂಗ್‌ನ ಅಮ್ಮ ಎಲ್ಲಿ ಕುಳಿತಿದ್ದರು ಎಂಬ ಯೋಚನೆಯಂತೆ.

ಆಮೇಲೆ 2004ರ ನವೆಂಬರ್ 12, ಶುಕ್ರವಾರ. ಸ್ಟಾರ್‌ಲೀಗ್ ಸೆಮಿಫೈನಲ್, ಮತ್ತೆ ಅದೇ ಇಬ್ಬರು, ಐದು ಆಟಗಳಲ್ಲಿ ಮೂರು ಗೆದ್ದವನು ಮುಂದಕ್ಕೆ. ದೇಶವೇ ಟೀವಿಯ ಮುಂದೆ ಕುಳಿತಿತ್ತು. ವಿದ್ಯಾರ್ಥಿಯಾಗಿದ್ದ ಅಜೊಶ್ಶಿ ಇಬ್ಬರು ಗೆಳೆಯರೊಡನೆ ಬಾಡಿಗೆ ಕೋಣೆಯಲ್ಲಿ ಕುಳಿತು, ರಾತ್ರಿ ಉದ್ದವಿದೆ ಎಂದುಕೊಂಡು, ಹುರಿದ ಕೋಳಿಗೆ ಫೋನ್ ಮಾಡಿದರು.

ಇಲ್ಲಿ ಆಟದ ಒಂದು ಗುಟ್ಟನ್ನು ಹೇಳಬೇಕು. ಈ ಆಟದಲ್ಲಿ ಮೊದಲು ಕೆಲಸಗಾರರಿಂದ ಅದಿರು ತೋಡಿಸಿ, ಆ ಸಂಪತ್ತಿನಿಂದ ಪಡೆ ಕಟ್ಟಬೇಕು. ಸೈನ್ಯಕ್ಕೆ ಖರ್ಚು ಮಾಡುವ ಮೊದಲೇ ಎರಡನೆಯ ನೆಲೆಯನ್ನು ಹೂಡಿದರೆ ಮುಂದೆ ಬೆಳೆ ಹುಲುಸಾಗಿ ಬರುತ್ತದೆ, ಆದರೆ ಅಲ್ಲಿಯವರೆಗೆ ಕಾವಲಿರುವುದಿಲ್ಲ. ಬೇಲಿ ಹಾಕುವ ದುಡ್ಡನ್ನೂ ಬಿತ್ತನೆ ಬೀಜಕ್ಕೇ ಸುರಿದ ರೈತನ ಹಾಗೆ. ಹೊಂಗ್ ಮಾಡಿದ್ದು ಅದನ್ನೇ. ಇಮ್ ತನ್ನ ಕೆಲಸಗಾರರನ್ನೇ ಎತ್ತಿಕೊಂಡು ಬಂದು, ಆ ಬೇಲಿಯಿಲ್ಲದ ಹೊಲದ ಬದುವಿನಲ್ಲಿ ಬಂಕರ್ ಕಟ್ಟಿ, ಅದರೊಳಗೆ ಬಂದೂಕಿನವರನ್ನು ಕೂರಿಸಿದ. ಕೆಲವೇ ನಿಮಿಷಗಳಲ್ಲಿ ಆಟ ಮುಗಿಯಿತು. ಎರಡನೆಯ ಆಟದಲ್ಲಿ ಮತ್ತೆ ಅದೇ ಬಂಕರ್. ಹಾಗೆಲ್ಲ ಮೂರನೆಯ ಸಲ ಯಾರೂ ಮಾಡುವುದಿಲ್ಲ ಎಂದು ನೋಡುವವರೆಲ್ಲ ಅಂದುಕೊಂಡರು. ಮೂರನೆಯ ಆಟದಲ್ಲೂ ಅದೇ ಬಂಕರ್! "ಕೋಳಿ ಬರುವ ಹೊತ್ತಿಗೆ ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು," ಎಂದು ಅಜೊಶ್ಶಿ ಹೇಳಿದರು, ಮಗಳು ನಗು ತಡೆಯಲಾರದೆ ಅನುವಾದಿಸಿದಳು. ಕೋಳಿ ಬರುವ ಮೊದಲೇ ಸೆಮಿಫೈನಲ್ ಮುಗಿದ ಈ ಕಥೆಯನ್ನು ಆ ತಲೆಮಾರಿನ ಪ್ರತಿಯೊಬ್ಬ ಕೊರಿಯನ್ನನೂ ತನ್ನ ಮನೆಯಲ್ಲೇ ನಡೆದದ್ದೆಂದು ಹೇಳುತ್ತಾನಂತೆ.

ಅಭಿಮಾನಿಗಳು ಎರಡು ಪಾಲಾದರು. ಗೆಲ್ಲುವುದಕ್ಕಿರುವ ದಾರಿಯನ್ನು ಹಿಡಿದವನ ತಪ್ಪೇನು ಎಂದು ಕೆಲವರು, ವರ್ಷಗಟ್ಟಲೆ ಕಾದಿದ್ದ ಕಾಳಗವನ್ನು ಹೀಗೆ ಹಾಳುಮಾಡಬಹುದೇ ಎಂದು ಉಳಿದವರು. ಎಂಟು ದಿನಗಳ ನಂತರ ಅಂತಿಮ ಪಂದ್ಯದಲ್ಲಿ ಇಮ್ ತನ್ನದೇ ಶಿಷ್ಯನ ಎದುರು 3-2ರಲ್ಲಿ ಸೋತು ಕಣ್ಣೀರಿಟ್ಟ. ಆದರೆ ನಗೆಪಾಟಲಿಗೆ ಈಡಾದವನು ಹೊಂಗ್. ಅವನ ಅಡ್ಡಹೆಸರು 'ಕೊಂಗ್', ಅಂದರೆ ಕಾಳು. ಅವನ ಬಗ್ಗೆ ಬರೆಯುವಾಗ ಎಲ್ಲವನ್ನೂ ಎರಡು ಸಲ ಬರೆಯುವುದು ಒಂದು ಪದ್ಧತಿಯೇ ಆಯಿತು, ಎರಡು ಎಂಬ ಅಂಕೆ ಎಲ್ಲಿ ಕಂಡರೂ ಅವನ ಹೆಸರು ಬಂತು, ಫೆಬ್ರವರಿ 22 ಅವನ ದಿನವಾಯಿತು. 2022ರಲ್ಲಿ ಆ ದಿನ ಬಂದಾಗ ಅಭಿಮಾನಿಗಳ ಸಂಭ್ರಮವನ್ನು ಕೇಳಲೇಬೇಡಿ.

ಇಷ್ಟು ಹೇಳಿ ಅಜೊಶ್ಶಿ ಫೋನನ್ನು ಮಗಳ ಮುಂದಿಟ್ಟರು. 2009ರ ಜೂನ್ 20ರ ಒಂದು ಪಂದ್ಯ. ಆ ಹೊತ್ತಿಗೆ ಹೊಂಗ್ ಸೇನಾಸೇವೆಗೆ ಸೇರಿ ವಾಯುಪಡೆಯ ತಂಡಕ್ಕೆ ಆಡುತ್ತಿದ್ದ, ಎರಡು ವರ್ಷಗಳಿಂದ ಟೀವಿಯಲ್ಲಿ ಬಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಎದುರಿಗೆ ಕಿಮ್ ತೆಕ್‌ಯೊಂಗ್, ಆ ಕಾಲದ ಅತ್ಯುತ್ತಮರಲ್ಲಿ ಒಬ್ಬ, 'ಕ್ರಾಂತಿಕಾರಿ' ಎಂಬ ಬಿರುದಿನವನು. ನನಗೆ ಪರದೆಯ ಮೇಲೆ ಹರಿದಾಡುವ ಹುಳುಗಳಂಥ ಆಕಾರಗಳಲ್ಲದೆ ಏನೂ ತಿಳಿಯಲಿಲ್ಲ. ಆದರೆ ವೀಕ್ಷಕ ವಿವರಣೆ ಹೇಳುವವರ ದನಿ ಮಾತಿನಿಂದ ಕೂಗಿಗೆ ಏರಿದ್ದು ತಿಳಿಯಿತು, ಕೊನೆಗೆ ಕಿಮ್ 'ಜಿಜಿ' ಎಂದು ಬರೆದು ಸೋಲೊಪ್ಪಿಕೊಂಡಾಗ ಪ್ರೇಕ್ಷಕರು ಕುರ್ಚಿ ಬಿಟ್ಟೆದ್ದದ್ದು ಕಂಡಿತು.

ಮಗಳು ಪೊಟ್ಟಣದೊಳಗಿನ ಕೈಯನ್ನು ಅಲ್ಲೇ ಬಿಟ್ಟು ಕೇಳಿದಳು: "ಇದು ಫೈನಲ್ ಅಲ್ಲ, ಕಪ್ಪೂ ಬರಲಿಲ್ಲ. ಒಂದೇ ಒಂದು ಆಟ ಗೆದ್ದದ್ದಕ್ಕೆ ಯಾಕಿಷ್ಟು ಕೂಗುತ್ತಾರೆ?" ಆ ಪ್ರಶ್ನೆಯನ್ನು ಅವಳೇ ಕೊರಿಯನ್ನಿಗೆ ತಿರುಗಿಸಿ ಅಜೊಶ್ಶಿಗೆ ಕೇಳಿದಳು, ಉತ್ತರವನ್ನು ಕನ್ನಡಕ್ಕೆ ತಿರುಗಿಸುವಾಗ ಸ್ವಲ್ಪ ತಡವರಿಸಿದಳು. "ಐದು ವರ್ಷ ಅವರನ್ನು ನೋಡಿ ನಕ್ಕಿದ್ದರಂತೆ ಅಮ್ಮಾ. ಅಷ್ಟು ನಕ್ಕ ಮೇಲೆ ಅವರು ಮನೆಯವರೇ ಆಗಿಬಿಟ್ಟಿದ್ದರಂತೆ."

ನಿಮ್ಮಲ್ಲಿ ಇಂಥವರು ಯಾರೂ ಇಲ್ಲವೇ ಎಂದು ಅವರು ಕೇಳಿದಾಗ ನಾನು ಯೋಚಿಸಬೇಕಾಗಲಿಲ್ಲ. ಆರ್‌ಸಿಬಿಯ ಕಥೆ ಹೇಳಿದೆ. 2009, 2011, 2016 ಮೂರೂ ಫೈನಲ್‌ಗಳ ಸೋಲು, 2017ರ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49 ರನ್ನಿಗೆ ಎಲ್ಲರೂ ಔಟಾದದ್ದು, ನಾಲ್ಕು ವರ್ಷ ಮುಂಚೆ ಅದೇ ತಾರೀಖಿನಂದು ಅದೇ ತಂಡ 263 ಹೊಡೆದಿದ್ದದ್ದು. 49 ಎಂಬ ಅಂಕೆ ನಮಗೆ ಅವರ ಎರಡು ಇದ್ದಂತೆ. ಪ್ರತಿ ವರ್ಷ 'ಈ ಸಲ ಕಪ್ ನಮ್ದೇ' ಎನ್ನುವುದು, ಪ್ರತಿ ವರ್ಷ ಅದನ್ನೇ ಹಿಡಿದು ಊರೆಲ್ಲ ಗೇಲಿ ಮಾಡುವುದು. 2025ರಲ್ಲಿ ಅಹಮದಾಬಾದಿನಲ್ಲಿ ಆರು ರನ್ನುಗಳಿಂದ ಗೆದ್ದಾಗ ಇಲ್ಲಿ ನಡುರಾತ್ರಿ ಕಳೆದಿತ್ತು, ನನ್ನ ಗಂಡ ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದ್ದರು. ಅಜೊಶ್ಶಿ ಗಟ್ಟಿಯಾಗಿ ನಕ್ಕರು, ಆ ರಾತ್ರಿ ಗೋಡೆಯಾಚೆ ಏನೋ ಸದ್ದು ಕೇಳಿತ್ತು ಎಂದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತದ್ದನ್ನು ನಾನು ಹೇಳಲಿಲ್ಲ. ಮಗಳ ಬಾಯಿಂದ ಅದನ್ನು ಅನುವಾದ ಮಾಡಿಸುವುದು ಬೇಡವೆನ್ನಿಸಿತು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ನಿಂತಾಗ ನನ್ನ ಕಣ್ಣಮುಂದೆ ಬಂದದ್ದು ಕ್ರಿಕೆಟ್ ಅಲ್ಲ, ತಿಪಟೂರಿನ ಬಳಿಯ ನನ್ನ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆ. ಅಲ್ಲಿ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ವರ್ಷ, ಹೆಸರು, ಅಂಕ ಎಂಬ ಮೂರು ಅಂಕಣಗಳಿದ್ದವು. ವರ್ಷಕ್ಕೆ ಒಂದೇ ಸಾಲು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೆ ಎರಡನೆಯವಳಾದೆ, ನಾಲ್ಕು ಅಂಕ ಹಿಂದೆ. ಅಭಿನಂದನೆಗೆಂದು ಕರೆಸಿದ ಮೇಷ್ಟರು ಆ ಹಲಗೆಯನ್ನು ತೋರಿಸಿ, "ಇನ್ನೊಂದು ನಾಲ್ಕು ಬಂದಿದ್ದರೆ ನಿನ್ನ ಹೆಸರು ಅಲ್ಲಿರುತ್ತಿತ್ತಲ್ಲಮ್ಮಾ," ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಅಪ್ಪ ಕೇಳಿದ್ದೂ ಆ ನಾಲ್ಕು ಎಲ್ಲಿ ಹೋಯಿತೆಂದೇ. ಹದಿನೇಳು ವರ್ಷ ಕಪ್ಪಿಲ್ಲದ ತಂಡವನ್ನು ಹೆಗಲ ಮೇಲೆ ಹೊತ್ತ ಜನವೇ ನಾವು, ಆದರೆ ಫಲಿತಾಂಶದ ವಾರದಲ್ಲಿ ನಮ್ಮ ಊರಿನ ಬ್ಯಾನರುಗಳಲ್ಲಿ 625ಕ್ಕೆ 625 ಪಡೆದವರಲ್ಲದೆ ಬೇರೆ ಮುಖಗಳಿಗೆ ಜಾಗ ಸಿಗುವುದು ಕಷ್ಟ.

ಕೊರಿಯನ್ನರು ಈ ವಿಷಯದಲ್ಲಿ ನಮಗಿಂತ ಮೇಲೆಂದು ಹೇಳಿದರೆ ಸುಳ್ಳಾಗುತ್ತದೆ. ಅಜೊಶ್ಶಿಯ ದೊಡ್ಡ ಮಗಳು ರಾತ್ರಿ ಹತ್ತರವರೆಗೆ ಹಾಗ್ವೊನ್ ಎಂಬ ಟ್ಯೂಷನ್ ಕೇಂದ್ರದಲ್ಲಿರುತ್ತಾಳೆ. ನವೆಂಬರಿನ ಸುನುಂಗ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ದಿನ ಇಂಗ್ಲಿಷ್ ಆಲಿಸುವ ಭಾಗ ನಡೆಯುವಷ್ಟು ಹೊತ್ತು ವಿಮಾನಗಳೂ ಏರದೆ ಇಳಿಯದೆ ಕಾಯುತ್ತವೆ. ಈ ಮಾತು ಬಂದಾಗ ಅವರೇ ಹೇಳಿದ್ದರು, ಕೊಂಗ್ ನಮಗೆ ಬೇಕಾದದ್ದು ಅದಕ್ಕೇ, ನಮ್ಮಲ್ಲಿ ಎಲ್ಲರೂ ಯಾವುದರಲ್ಲೋ ಎರಡನೆಯವರು, ಹಾಗೆಂದು ಟೀವಿಯಲ್ಲಿ ಒಪ್ಪಿಕೊಂಡವನು ಅವನೊಬ್ಬನೇ ಎಂದು. 2013ರಲ್ಲಿ ಅವನು ಟೀವಿಯ ಬುದ್ಧಿವಂತಿಕೆಯ ಸ್ಪರ್ಧೆಯೊಂದರಲ್ಲಿ ಕೊನೆಗೂ ಮೊದಲಿಗನಾದಾಗ ಸಂತೋಷಪಟ್ಟರಂತೆ, ಜೊತೆಗೆ ಏನೋ ಕಳೆದುಕೊಂಡಂತೆಯೂ ಆಯಿತಂತೆ.

ಭಾನುವಾರ ಬೆಳಿಗ್ಗೆ ಊರಿಗೆ ವೀಡಿಯೋ ಕರೆ ಮಾಡಿದೆವು. ಪ್ರಮಾಣಪತ್ರವನ್ನು ಕ್ಯಾಮೆರಾಕ್ಕೆ ಹಿಡಿದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು, "ಫಸ್ಟ್ ಬಂದೋರು ಯಾರು ಪುಟ್ಟಾ?" ಎಂದರು. ನಾನು ಮಧ್ಯೆ ಬಾಯಿ ಹಾಕುವಷ್ಟರಲ್ಲಿ ಮಗಳು ನೆಟ್ಟಗೆ ಕುಳಿತು, "ಅಜ್ಜೀ, ನಾನು ಸೆಕೆಂಡ್," ಎಂದಳು, ಒಂದು ಕ್ಷಣ ಬಿಟ್ಟು ಮತ್ತೆ, "ಅಜ್ಜೀ, ನಾನು ಸೆಕೆಂಡ್."

"ಒಂದ್ಸಲ ಹೇಳಿದ್ರೆ ಕೇಳ್ಸುತ್ತೆ ಕಣೇ," ಎಂದರು ಅಮ್ಮ, "ನನಗಿನ್ನೂ ಕಿವಿ ಚೆನ್ನಾಗಿದೆ."